ಆ ಹಲ್ಲು ಯಾವ ಪಾಪದ ಫಲ?



ಏಳು ವರ್ಷಗಳ ಹಿಂದಿನ ಮಾತಿದು. ಭಾನುವಾರದ ಬಲಿಪೂಜೆಯ ನಂತರ ನಡೆಯುವ ಧರ್ಮೋಪದೇಶದ ತರಗತಿಯಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ನಾನು ಆದಿಕಾಂಡದ ಮೂರನೆಯ ಅಧ್ಯಾಯವನ್ನು ವಿವರಿಸುತ್ತಿದ್ದೆ. ಆದಿಪಾಪದಿಂದಲೇ ಮರಣ, ನೋವು, ಹಿಂಸೆಗಳು ಲೋಕದೊಳಗೆ ಕಾಲಿಟ್ಟವು ಎಂದು, ನಾನು ಬಾಲ್ಯದಲ್ಲಿ ಕಲಿತ ಹಾಗೆಯೇ ಹೇಳಿ ಮುಗಿಸಿದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು, ಒಂದು ಚಿಕ್ಕ ಡಬ್ಬಿಯ ಮುಚ್ಚಳ ತೆರೆದು ನನ್ನ ಮೇಜಿನ ಮೇಲಿಟ್ಟಳು. ಹತ್ತಿಯ ಮೇಲೆ ಒಂದು ಕಂದು ಬಣ್ಣದ ತ್ರಿಕೋನಾಕಾರದ ಕಲ್ಲು. ಗಲ್ಫ್‌ನಲ್ಲಿ ಕೆಲಸ ಮಾಡುವ ಅವಳ ಮಾವ ರಜೆಗೆ ಬಂದಾಗ ತಂದುಕೊಟ್ಟದ್ದು. ಅದು ಮೊರಾಕ್ಕೊ ದೇಶದ ಗಣಿಯಲ್ಲಿ ದೊರೆತ ಶಾರ್ಕ್ ಮೀನಿನ ಹಲ್ಲು. ನಮ್ಮ ಕಡೆಯಲ್ಲಿ ತಾಟೆ ಎಂದೂ ಕೊಂಕಣಿಯಲ್ಲಿ ಮೋರಿ ಎಂದೂ ಕರೆಯುವ ಮೀನಿನ ಪೂರ್ವಜರದು.

"ಸರ್, ಇದು ಐದು ಕೋಟಿ ವರ್ಷ ಹಳೆಯದಂತೆ. ಆಗ ಆದಾಮ ಇರಲಿಲ್ಲ. ಹಾಗಾದರೆ ಈ ಹಲ್ಲು ಯಾರ ಪಾಪದ ಫಲ?"

ನಾನು ಏನು ಉತ್ತರಿಸಿದೆನೆಂದು ಬರೆಯಲು ಇಂದಿಗೂ ಸಂಕೋಚವಾಗುತ್ತದೆ. "ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ, ನೀನು ಮೊದಲು ದಶಾಜ್ಞೆಗಳನ್ನು ಬಾಯಿಪಾಠ ಮಾಡು" ಎಂದೆ. ಮಕ್ಕಳು ನಕ್ಕರು. ಅವಳು ಡಬ್ಬಿಯನ್ನು ಮುಚ್ಚಿ ತನ್ನ ಸ್ಥಾನಕ್ಕೆ ಹೋದಳು. ಆ ವರ್ಷವಿಡೀ ಮತ್ತೊಂದು ಪ್ರಶ್ನೆಯನ್ನು ಅವಳು ಕೇಳಲಿಲ್ಲ. ಉತ್ತರ ತಿಳಿಯದಿರುವುದು ಉಪದೇಶಕನಿಗೆ ಅವಮಾನವಲ್ಲ. ಒಂದು ಪ್ರಾಮಾಣಿಕ ಪ್ರಶ್ನೆಯನ್ನು ನಗೆಗೀಡು ಮಾಡುವುದು ಅಪರಾಧ. ಅಂದು ಕೊಡದೆ ಉಳಿಸಿಕೊಂಡ ಉತ್ತರದ ಸಾಲವನ್ನು ಈ ಪುಟಗಳಲ್ಲಿ ಸ್ವಲ್ಪಮಟ್ಟಿಗಾದರೂ ತೀರಿಸುವ ಪ್ರಯತ್ನ ನನ್ನದು. ನಿಮ್ಮ ಮನೆಯ ಮಕ್ಕಳೂ ಒಂದಲ್ಲ ಒಂದು ದಿನ ಊಟದ ಹೊತ್ತಿನಲ್ಲಿ ಇದೇ ಪ್ರಶ್ನೆಯನ್ನು ನಿಮಗೆ ಕೇಳಿಯಾರು.

ಇಂತಹ ಹಲ್ಲುಗಳು ನಮ್ಮ ಊರಿನ ನೆಲದಲ್ಲಿ ಸಿಗುವುದಿಲ್ಲ. ಕಾರ್ಕಳದಲ್ಲಿ 1432ರಲ್ಲಿ ನಿಂತ ನಲವತ್ತೆರಡು ಅಡಿಯ ಗೊಮ್ಮಟನನ್ನು ನೀವು ನೋಡಿದ್ದೀರಿ. ಕಾಪುವಿನಲ್ಲಿ 1901ರಿಂದ ದೀಪಸ್ತಂಭವನ್ನು ಹೊತ್ತು ನಿಂತ ಬಂಡೆಯನ್ನೂ ಹತ್ತಿದ್ದೀರಿ. ಈ ಕರಾವಳಿಯ ತಳದಲ್ಲಿರುವ ಗಟ್ಟಿ ಶಿಲೆಗಳು ಬಹುಮಟ್ಟಿಗೆ 250 ಕೋಟಿ ವರ್ಷಗಳಿಗೂ ಹಿಂದಿನವು. ಭೂಮಿಯಾಳದ ಬೆಂಕಿಯಲ್ಲಿಯೂ ಒತ್ತಡದಲ್ಲಿಯೂ ಬೆಂದು ಗಟ್ಟಿಯಾದವು. ಎಲುಬಾಗಲಿ ಹಲ್ಲಾಗಲಿ ಇರುವ ಪ್ರಾಣಿ ಆಗಿನ್ನೂ ಹುಟ್ಟಿರಲಿಲ್ಲ. ಮೇಲಿನ ಮುರಕಲ್ಲಾದರೋ ಯುಗಯುಗಗಳ ಮಳೆಯಲ್ಲಿ ಕರಗಿ, ತೊಳೆದು, ಕೆಂಪೇರಿ ಉಳಿದ ಶೇಷ. ಅದರೊಳಗೆ ಎಲುಬುಗಳು ಉಳಿಯುವುದಿಲ್ಲ. ಮಲ್ಪೆಯೆದುರಿನ ಸೈಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ತಳದ ಆ ಗಟ್ಟಿ ಶಿಲೆಗಳಿಗಿಂತ ಕಿರಿಯವು: ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಬಹುಕೋನದ ಕಂಬಗಳಾಗಿ ಸೀಳಿದ್ದು. ಲೋಕದ ಸಮುದ್ರಗಳಲ್ಲಿ ಮೊಸಾಸಾರ್ ಎಂಬ ದೈತ್ಯ ಕಡಲಹಲ್ಲಿಗಳ ವಂಶ ಆಗ ತಲೆಯೆತ್ತಿತ್ತು. ಆದರೆ ಲಾವಾ ಎಂಬುದು ಯಾರ ಗುರುತನ್ನೂ ಉಳಿಸುವ ಪುಸ್ತಕವಲ್ಲ.

ಇಷ್ಟಾದರೂ ಪುರಾತನ ಸಮುದ್ರದ ಬೇಟೆಗಾರನೊಬ್ಬ ಶತಮಾನಗಳಿಂದ ಉಡುಪಿಯಲ್ಲಿಯೇ ವಾಸವಾಗಿದ್ದಾನೆ ಎಂದರೆ ನೀವು ನಂಬುವಿರಾ? ಮಾಧ್ವ ಸಂಪ್ರದಾಯದ ಮಠಗಳಲ್ಲಿ, ರಥಬೀದಿಯ ಸುತ್ತಮುತ್ತಲಿನ ಮನೆಗಳ ದೇವರ ಪೀಠಗಳಲ್ಲಿ ನಿತ್ಯ ಅಭಿಷೇಕ ಪಡೆಯುವ ಸಾಲಿಗ್ರಾಮ ಶಿಲೆಯನ್ನು ಕುರಿತು ಹೇಳುತ್ತಿದ್ದೇನೆ. ನೇಪಾಳದ ಗಂಡಕೀ ನದಿಯಲ್ಲಿ, ಮುಕ್ತಿನಾಥದ ಕೆಳಗಿನ ಕಣಿವೆಯಲ್ಲಿ ದೊರೆಯುವ ಈ ಕರಿಯ ಕಲ್ಲುಗಳಲ್ಲಿ ಅನೇಕವುಗಳ ಒಳಗೆ ಸುರುಳಿಯಾಕಾರದ ಚಕ್ರವಿರುತ್ತದೆ. ಭಕ್ತರಿಗೆ ಅದು ವಿಷ್ಣುವಿನ ಚಕ್ರ. ಭೂವಿಜ್ಞಾನಿಗೆ ಅದು ಅಮೊನೈಟ್ ಎಂಬ ಜೀವಿಯ ಚಿಪ್ಪು. ನಮ್ಮ ಮೀನು ಮಾರುಕಟ್ಟೆಯಲ್ಲಿ ಸಿಗುವ ಬೊಂಡಾಸಿನ ದೂರದ ಬಂಧುವಾದ ಈ ಜೀವಿ, ಸುರುಳಿ ಚಿಪ್ಪಿನೊಳಗೆ ಕುಳಿತು, ಬಾಹುಗಳನ್ನು ಚಾಚಿ, ಕೊಕ್ಕಿನಂತಹ ದವಡೆಯಿಂದ ಸಣ್ಣಪುಟ್ಟ ಜೀವಿಗಳನ್ನು ಹಿಡಿದು ತಿನ್ನುತ್ತಿತ್ತು. ಹಿಮಾಲಯವಿರುವ ಸ್ಥಳದಲ್ಲಿ ಅಂದು ಟೆಥಿಸ್ ಸಮುದ್ರವಿತ್ತು. ಭಾರತದ ನೆಲ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಡಿಕ್ಕಿ ಹೊಡೆದಾಗ ಆ ಕಡಲತಳವೇ ಮಡಿಕೆಬಿದ್ದು ಪರ್ವತವಾಯಿತು. ಅಮೊನೈಟ್‌ಗಳ ವಂಶ 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಜೊತೆಯಲ್ಲಿಯೇ, ನಿಶ್ಶೇಷವಾಯಿತು.

ಈ ವಿಷಯವನ್ನು ಓದಿ ತಿಳಿದ ಹೊಸತರಲ್ಲಿ, ಸ್ವಲ್ಪ ಗರ್ವದಿಂದಲೇ, ನೆರೆಮನೆಯ ಹಿರಿಯರೊಬ್ಬರಿಗೆ ಹೇಳಿದೆ. ಅವರು ಪ್ರತಿದಿನ ಸಾಲಿಗ್ರಾಮಕ್ಕೆ ತುಳಸಿ ಏರಿಸದೆ ಊಟ ಮಾಡದವರು. ನನ್ನ ಮಾತನ್ನು ಕೊನೆಯವರೆಗೂ ಕೇಳಿ, "ಹೌದು ಮಾಷ್ಟ್ರೇ, ನನ್ನ ಮೊಮ್ಮಗನೂ ಹೇಳಿದ. ಕಲ್ಲಿಗೆ ಹದಿನೈದು ಕೋಟಿ ವರ್ಷ ವಯಸ್ಸಾಗಿದ್ದರೆ ನನ್ನ ದೇವರಿಗೆ ಏನು ಕಡಿಮೆಯಾಯಿತು?" ಎಂದರು. ಅವರ ಆರಾಧನೆ ನನ್ನದಲ್ಲ. ಆದರೆ ಸತ್ಯದ ಮುಂದೆ ಅವರು ತೋರಿದ ಆ ನಿರಾತಂಕ, ಧರ್ಮೋಪದೇಶದ ಮೇಜಿನ ಹಿಂದೆ ನಿಂತಿದ್ದ ನನ್ನಲ್ಲಿರಲಿಲ್ಲ. ಮನೆಗೆ ಬಂದ ಮೇಲೆ ಅದೇ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು.

ಬೇಟೆಯಾಡುತ್ತಿದ್ದ ಅಮೊನೈಟ್ ತಾನೂ ಬೇಟೆಯಾಗುತ್ತಿತ್ತು. ಗುಜರಾತಿನ ಕಚ್ಛ್‌ನಲ್ಲಿ, ಭುಜ್ ಸಮೀಪದ ಲೋಡಾಯಿ ಗ್ರಾಮದ ಬಳಿ, ಇಕ್ತಿಯೊಸಾರ್ ಎಂಬ ಕಡಲ ಸರೀಸೃಪದ ಬಹುತೇಕ ಸಂಪೂರ್ಣವಾದ ಅಸ್ಥಿಪಂಜರವೊಂದು ದೊರೆತು, 2017ರಲ್ಲಿ ಅದರ ವಿವರ ಪ್ರಕಟವಾಯಿತು. ಸುಮಾರು ಐದೂವರೆ ಮೀಟರ್ ಉದ್ದ, ಸುಮಾರು 15 ಕೋಟಿ ವರ್ಷಗಳ ವಯಸ್ಸು. ನೋಡಲು ನಮ್ಮ ಹಂದಿಮೀನಿನಂತೆ, ಅಂದರೆ ಡಾಲ್ಫಿನ್‌ನಂತೆ; ಹುಟ್ಟಿನಲ್ಲಿ ಸರೀಸೃಪ. ಅದರ ಹಲ್ಲುಗಳು ಸವೆದಿದ್ದ ರೀತಿಯನ್ನು ಪರೀಕ್ಷಿಸಿದ ಸಂಶೋಧಕರು, ಗಟ್ಟಿ ಚಿಪ್ಪಿನ ಜೀವಿಗಳನ್ನೂ ಅದು ಅಗಿಯುತ್ತಿದ್ದಿರಬೇಕೆಂದು ಊಹಿಸಿದರು. ಚೀನಾದಲ್ಲಿ ದೊರೆತು 2020ರಲ್ಲಿ ವರದಿಯಾದ ಇನ್ನೊಂದು ಇಕ್ತಿಯೊಸಾರ್‌ನ ಹೊಟ್ಟೆಯಲ್ಲಿ ಮತ್ತೊಂದು ದೊಡ್ಡ ಸರೀಸೃಪದ ಮುಂಡವೇ ಇತ್ತು. ನುಂಗಿದ ತುತ್ತು ಜೀರ್ಣವಾಗುವ ಮೊದಲೇ ನುಂಗಿದವನಿಗೂ ಸಾವು ಬಂದಿತ್ತು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಅನೊಮಲೊಕಾರಿಸ್ ಎಂಬ ಜೀವಿ ಮುಖದ ಮುಂದಿನ ಎರಡು ಕೊಕ್ಕೆಗಳಿಂದ ಬೇಟೆಯನ್ನು ಬಾಚಿಕೊಳ್ಳುತ್ತಿತ್ತು. ಶಾರ್ಕ್‌ಗಳ ವಂಶ 40 ಕೋಟಿ ವರ್ಷಗಳಿಗೂ ಹಳೆಯದು. ಅವುಗಳ ಅಸ್ಥಿಪಂಜರ ಮೃದುವಾದ ಮೃದ್ವಸ್ಥಿಯಾದುದರಿಂದ ಕೊಳೆತು ಹೋಗುತ್ತದೆ. ಹಲ್ಲುಗಳು ಮಾತ್ರ ಉಳಿಯುತ್ತವೆ. ಒಂದು ಶಾರ್ಕ್ ತನ್ನ ಜೀವಮಾನದಲ್ಲಿ ಸಾವಿರಾರು ಹಲ್ಲುಗಳನ್ನು ಉದುರಿಸಿ ಹೊಸದನ್ನು ಪಡೆಯುತ್ತದೆ. ಆ ಹುಡುಗಿಯ ಡಬ್ಬಿಯಲ್ಲಿದ್ದದ್ದು ಅಂತಹ ಒಂದು.

ಇಷ್ಟನ್ನು ಒಪ್ಪಿದ ಮೇಲೆ, ಮನುಷ್ಯನು ಪಾಪ ಮಾಡುವ ಮೊದಲು ಲೋಕದಲ್ಲಿ ಕೊಲೆಯೇ ಇರಲಿಲ್ಲ ಎಂದು ಹೇಳಲು ಸಾಧ್ಯವಿಲ್ಲ. ಕಲ್ಲುಗಳು ಸುಳ್ಳು ಹೇಳುತ್ತವೆ ಎನ್ನಬಹುದಾಗಿತ್ತು. ಆದರೆ ಆ ಕಲ್ಲುಗಳನ್ನು ಮೊದಲು ಓದಲು ಕಲಿಸಿದವರಲ್ಲಿ ಪ್ರಮುಖನಾದವನು ನಮ್ಮದೇ ಧರ್ಮಸಭೆಯ ಒಬ್ಬ ಬಿಷಪ್ ಎಂಬುದನ್ನು ನಾವು ಮರೆತಿದ್ದೇವೆ.

ಅವನ ಹೆಸರು ನೀಲ್ಸ್ ಸ್ಟೆನ್ಸೆನ್. ಲತೀನ್ ಭಾಷೆಯಲ್ಲಿ ಸ್ಟೆನೊ. 1638ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಲೂಥರನ್ ಕುಟುಂಬದಲ್ಲಿ ಹುಟ್ಟಿ ಅಂಗರಚನಾಶಾಸ್ತ್ರಜ್ಞನಾದವನು. 1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಮೀನುಗಾರರು ಭಾರೀ ಗಾತ್ರದ ಶಾರ್ಕ್ ಒಂದನ್ನು ಹಿಡಿದಾಗ, ತಸ್ಕನಿಯ ಮಹಾಪ್ರಭು ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿ ಸ್ಟೆನೊನಿಗೆ ಒಪ್ಪಿಸಿದನು. ಆ ಕಾಲದಲ್ಲಿ ಯುರೋಪಿನಾದ್ಯಂತ 'ನಾಲಗೆಗಲ್ಲು'ಗಳೆಂಬ ತ್ರಿಕೋನ ಕಲ್ಲುಗಳಿಗೆ ದೊಡ್ಡ ಬೇಡಿಕೆಯಿತ್ತು. ಅವು ಮಾಲ್ಟಾ ದ್ವೀಪದಿಂದ ಬರುತ್ತಿದ್ದವು. ಹಡಗು ಒಡೆದು ಆ ದ್ವೀಪ ಸೇರಿದ ಸಂತ ಪೌಲರನ್ನು ಹಾವೊಂದು ಕಚ್ಚಿದ ವೃತ್ತಾಂತ ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯದಲ್ಲಿದೆಯಲ್ಲವೇ? ಅಂದು ಸಂತರು ಶಪಿಸಿದ ಹಾವುಗಳ ನಾಲಗೆಗಳೇ ಕಲ್ಲಾದವು ಎಂಬುದು ಜನರ ನಂಬಿಕೆ. ಆದುದರಿಂದ ಅವು ವಿಷಕ್ಕೆ ಮದ್ದೆಂದು ದ್ರಾಕ್ಷಾರಸದಲ್ಲಿ ಅದ್ದಿ ಕುಡಿಯುತ್ತಿದ್ದರು. ಸ್ಟೆನೊ ಶಾರ್ಕಿನ ಬಾಯಿ ತೆರೆದು ಸಾಲುಸಾಲು ಹಲ್ಲುಗಳನ್ನು ನೋಡಿದನು. ನಾಲಗೆಗಲ್ಲು ಹಾವಿನ ನಾಲಗೆಯಲ್ಲ, ಶಾರ್ಕಿನ ಹಲ್ಲು ಎಂದು 1667ರಲ್ಲಿ ಪ್ರಕಟಿಸಿದನು. ಈ ಮಾತನ್ನು ಇಟಲಿಯವನೇ ಆದ ಫಾಬಿಯೊ ಕೊಲೊನ್ನ 1616ರಲ್ಲಿಯೇ ಹೇಳಿದ್ದನು. ಆದರೆ ಹಲ್ಲು ಬೆಟ್ಟದೊಳಗೆ ಹೇಗೆ ಸೇರಿತೆಂಬ ಪ್ರಶ್ನೆಯನ್ನು ಕೊನೆಯವರೆಗೆ ಬೆನ್ನಟ್ಟಿದವನು ಸ್ಟೆನೊ. ಕೆಸರು ಪದರಪದರವಾಗಿ ತಂಗಿ ಕಲ್ಲಾಗುತ್ತದೆ, ಕೆಳಗಿನ ಪದರ ಮೇಲಿನದಕ್ಕಿಂತ ಹಳೆಯದು ಎಂಬ ಅವನ 1669ರ ನಿಯಮವನ್ನು ಭೂವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಮೊದಲ ಪಾಠವಾಗಿ ಕಲಿಯುತ್ತಾರೆ.

ಸಂತ ಪೌಲರ ಪವಾಡವೆಂದು ಜನ ಪೂಜ್ಯಭಾವದಿಂದ ಕಂಡಿದ್ದ ವಸ್ತುವನ್ನು ಮೀನಿನ ಹಲ್ಲೆಂದು ತೋರಿಸಿದ ಈ ಮನುಷ್ಯನ ವಿಶ್ವಾಸ ಕುಸಿಯಿತೇ? ಅದೇ 1667ರಲ್ಲಿ ಅವನು ಕಥೋಲಿಕ ಧರ್ಮಸಭೆಯನ್ನು ಸೇರಿದನು. 1675ರಲ್ಲಿ ಗುರುದೀಕ್ಷೆ, 1677ರಲ್ಲಿ ಬಿಷಪ್ ಪದವಿ. ಬಡವರಿಗಾಗಿ ತನ್ನ ಬಿಷಪ್ ಉಂಗುರವನ್ನೇ ಮಾರಿ, 1686ರಲ್ಲಿ ಜರ್ಮನಿಯ ಶ್ವೆರಿನ್‌ನಲ್ಲಿ ಕಡುಬಡತನದಲ್ಲಿ ತೀರಿಕೊಂಡನು. 1988ರ ಅಕ್ಟೋಬರ್ 23ರಂದು ಪೋಪ್ ಎರಡನೇ ಜಾನ್ ಪೌಲ್ ಅವನನ್ನು ಧನ್ಯರ ಸಾಲಿಗೆ ಸೇರಿಸಿದರು. ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು: ಭೂಮಿಯ ಕೋಟ್ಯಂತರ ವರ್ಷಗಳ ಲೆಕ್ಕ ಸ್ಟೆನೊನಿಗೆ ತಿಳಿದಿರಲಿಲ್ಲ, ನೋಹನ ಜಲಪ್ರಳಯದ ಚೌಕಟ್ಟಿನೊಳಗೆಯೇ ಅವನು ಯೋಚಿಸಿದನು. ಆದುದರಿಂದ ಹುಡುಗಿಯ ಪ್ರಶ್ನೆ ಅವನಿಗೆ ಎದುರಾಗಲಿಲ್ಲ. ಅದು ನಮಗೆ ಉಳಿದ ಪ್ರಶ್ನೆ.

ಈಗ ಅದನ್ನೇ ನೋಡೋಣ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಪ್ರಾಣಿಗಳಿಗೆಲ್ಲ ಹಸುರು ಸಸ್ಯವನ್ನು ಆಹಾರವಾಗಿ ಕೊಟ್ಟನೆಂಬ ಮಾತಿದೆ. ಇದನ್ನು ಅಕ್ಷರಶಃ ಹಿಡಿದು, ಏದೆನ್ ತೋಟದಲ್ಲಿ ಸಿಂಹವೂ ಹುಲ್ಲು ಮೇಯುತ್ತಿತ್ತು, ಆದಾಮನ ಪಾಪದ ನಂತರ ಅದಕ್ಕೆ ಕೋರೆಹಲ್ಲು ಬಂತು ಎಂದು ಬೋಧಿಸಿದವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಹದಿಮೂರನೆಯ ಶತಮಾನದಲ್ಲಿಯೇ ಸಂತ ತೋಮಸ್ ಅಕ್ವಿನಾಸರು ಈ ವಾದವನ್ನು ತಳ್ಳಿಹಾಕಿದರು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಮನುಷ್ಯನ ಪಾಪವು ಪ್ರಾಣಿಗಳ ಸ್ವಭಾವವನ್ನು ಬದಲಿಸಲಿಲ್ಲ. ಇಂದು ಮಾಂಸ ತಿನ್ನುವ ಸಿಂಹ, ಗಿಡುಗಗಳು ಅಂದು ಸೊಪ್ಪು ತಿನ್ನುತ್ತಿದ್ದವೆಂಬುದು ಯುಕ್ತವಲ್ಲ ಎಂಬುದು ಅವರ ತೀರ್ಮಾನ. ಒಂದು ಪಳೆಯುಳಿಕೆಯನ್ನೂ ನೋಡದೆ, ಕೇವಲ ವಿವೇಕದಿಂದ, ಅವರು ತಲುಪಿದ ಜಾಗ ಅದು. ಪೌಲರು ರೋಮನರಿಗೆ ಬರೆದ ಪತ್ರದ ಐದನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿದರೆ, ಪಾಪದ ಮೂಲಕ ಮರಣವು ವ್ಯಾಪಿಸಿದ್ದು ಮನುಷ್ಯರೆಲ್ಲರಿಗೆ ಎಂದು ಅಲ್ಲಿದೆ; ಮೀನುಗಳ ಪ್ರಸ್ತಾಪವಿಲ್ಲ. ತೋಳವೂ ಕುರಿಮರಿಯೂ ಒಟ್ಟಿಗೆ ವಾಸಿಸುವ ಚಿತ್ರವನ್ನು ಕೊಟ್ಟ ಯೆಶಾಯನೂ ಅದನ್ನು ಕಳೆದುಹೋದ ಕಾಲವೆಂದು ಹೇಳಲಿಲ್ಲ, ಬರಲಿರುವ ಕಾಲವೆಂದನು.

ಹಾಗಾದರೆ ಹಲ್ಲನ್ನು ಮಾಡಿದವನು ದೇವರೇ. ಈ ಮಾತನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೆ ಪವಿತ್ರ ಗ್ರಂಥಕ್ಕೆ ಈ ಸಂಕೋಚವಿಲ್ಲ. ನೂರನಾಲ್ಕನೆಯ ಕೀರ್ತನೆಯಲ್ಲಿ ಸಿಂಹದ ಮರಿಗಳು ಗರ್ಜಿಸುತ್ತ ತಮ್ಮ ಆಹಾರವನ್ನು ದೇವರಿಂದಲೇ ಬೇಡುತ್ತವೆ. ಲಿವ್ಯಾತಾನ್ ಎಂಬ ಕಡಲ ದೈತ್ಯ ಅಲ್ಲಿ ಆಟವಾಡುತ್ತದೆ. ಯೋಬನ ಗ್ರಂಥದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತನಾಡುತ್ತ, ರಕ್ತ ಹೀರುವ ಹದ್ದಿನ ಮರಿಗಳನ್ನೂ ಲಿವ್ಯಾತಾನನ ಭಯಂಕರ ದಂತಪಂಕ್ತಿಯನ್ನೂ ತನ್ನ ಕೃತಿಗಳೆಂದೇ ತೋರಿಸುತ್ತಾನೆ. ತನ್ನ ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದ ಯೋಬನಿಗೆ ಇದು ಸಾಂತ್ವನದ ಮಾತೇ? ಅಲ್ಲ. ಆದರೂ ದೇವರು ಅವನಿಗೆ ಕೊಟ್ಟ ಉತ್ತರ ಇದೇ.

ನಮ್ಮ ಸುಶಿಕ್ಷಿತ ಮಿತ್ರರು ಇನ್ನೊಂದು ಉತ್ತರ ಕೊಡುತ್ತಾರೆ. ಬೇಟೆಗಾರ ಮೀನುಗಳಿಲ್ಲದಿದ್ದರೆ ಸಮುದ್ರದ ಸಮತೋಲ ತಪ್ಪುತ್ತದೆ, ಬೇಟೆಯಿಂದಲೇ ವೇಗವೂ ಚಾತುರ್ಯವೂ ಬೆಳೆದವು, ಒಟ್ಟಿನಲ್ಲಿ ಎಲ್ಲವೂ ಒಳಿತಿಗಾಗಿಯೇ ಎಂದು. ಇದರಲ್ಲಿ ಸತ್ಯವಿದೆ. ಆದರೆ ಇದು ಲೆಕ್ಕಪತ್ರದ ಸತ್ಯ. ಜಮೆ ಹೆಚ್ಚಾಗಿದೆಯೆಂದು ಖರ್ಚಾದವನನ್ನು ಸಮಾಧಾನಪಡಿಸುವ ರೀತಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮಂದಿ ಮೀನುಗಾರರೊಂದಿಗೆ ಮರಳಿ ಬರಲಿಲ್ಲ. ಆ ಮನೆಗಳಿಗೆ ಹೋಗಿ, ಒಟ್ಟಿನಲ್ಲಿ ಸಮುದ್ರವು ಮಾನವಕುಲಕ್ಕೆ ಉಪಕಾರಿ ಎಂದು ಹೇಳುವ ಧೈರ್ಯ ಯಾರಿಗಿದೆ? ಸೃಷ್ಟಿಯು ಪೂರ್ಣವಾಗಿ ಮುಗಿದ ಕಟ್ಟಡವಲ್ಲ, ಪೂರ್ಣತೆಯ ಕಡೆಗೆ ನಡೆಯುತ್ತಿರುವ ಪಯಣ. ಆ ಪಯಣದಲ್ಲಿ ಕಟ್ಟುವ ಶಕ್ತಿಗಳ ಜೊತೆ ಕೆಡಹುವ ಶಕ್ತಿಗಳೂ ಇವೆ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ವಿನಯದಿಂದ ಹೇಳುತ್ತದೆ. ನನಗೆ ಇದು ಲೆಕ್ಕಪತ್ರಕ್ಕಿಂತ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಏಕೆಂದರೆ ನೋವು ನೋವಲ್ಲ ಎಂದು ಅದು ವಾದಿಸುವುದಿಲ್ಲ.

ಪಾಪವೆಂಬ ಶಬ್ದವನ್ನು ಎಲ್ಲಿ ಬಳಸಬೇಕೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಶಾರ್ಕ್ ಹಸಿವಿನಿಂದ ಕೊಲ್ಲುತ್ತದೆ. ಅದಕ್ಕೆ ದ್ವೇಷವಿಲ್ಲ, ಬೇರೆಯಾಗಿ ಬದುಕುವ ಆಯ್ಕೆಯೂ ಇಲ್ಲ. ಆಯ್ಕೆಯುಳ್ಳ ಜೀವಿ ನಾವು. ಐದು ಮಹಾವಿನಾಶಗಳನ್ನು ದಾಟಿ ಬಂದ ಶಾರ್ಕ್ ಕುಲದ ಸ್ಥಿತಿಯನ್ನು ನೋಡಿ: ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಜಾತಿಗಳ ಸಂಖ್ಯೆ 1970ರಿಂದ ಈಚಿನ ಐವತ್ತು ವರ್ಷಗಳೊಳಗೆ ಶೇಕಡ 71ರಷ್ಟು ಕುಸಿದಿದೆಯೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ, ಮಿತಿಮೀರಿದ ಮೀನುಗಾರಿಕೆಯೇ ಅದಕ್ಕೆ ಕಾರಣ. ರೆಕ್ಕೆಯನ್ನು ಮಾತ್ರ ಕೊಯ್ದುಕೊಂಡು ಜೀವಂತ ದೇಹವನ್ನು ಕಡಲಿಗೆಸೆಯುವ ಪದ್ಧತಿಯನ್ನು ತಡೆಯಲು ಭಾರತ ಸರ್ಕಾರ 2013ರಲ್ಲಿ ನಿಯಮ ತಂದು, 2015ರಲ್ಲಿ ರೆಕ್ಕೆಗಳ ರಫ್ತನ್ನೇ ನಿಷೇಧಿಸಬೇಕಾಯಿತು. ಯಾವ ಇಕ್ತಿಯೊಸಾರ್ ಕೂಡ ತನ್ನ ಬೇಟೆಯ ಒಂದು ತುಂಡನ್ನು ಮಾರುಕಟ್ಟೆಗಾಗಿ ಕತ್ತರಿಸಿ ಉಳಿದುದನ್ನು ನರಳಲು ಬಿಟ್ಟಿರಲಾರದು.

ಆದರೆ ಇಲ್ಲಿಯೂ ತೀರ್ಪು ನೀಡುವಾಗ ಎಚ್ಚರವಿರಲಿ. 2021ರ ಮಾರ್ಚ್‌ನಲ್ಲಿ ಮಲ್ಪೆಯ ದೋಣಿಯೊಂದರ ಬಲೆಗೆ ಸುಮಾರು 250 ಕಿಲೋ ತೂಕದ ಗರಗಸ ಮೀನು ಸಿಕ್ಕಿತು. ಅದು ಕಾನೂನಿನ ರಕ್ಷಣೆಯಲ್ಲಿರುವ, ಲೋಕದಲ್ಲಿಯೇ ಅಳಿವಿನಂಚಿಗೆ ಬಂದಿರುವ ಮೀನು. ಅದನ್ನು ಹುಡುಕಿಕೊಂಡು ಯಾರೂ ಹೋಗಿರಲಿಲ್ಲ. ಬಲೆಗೆ ಯಾವುದು ಬೀಳಬೇಕೆಂದು ಬಲೆ ಹಾಕುವವನು ನಿರ್ಧರಿಸಲಾರ. ಸಾಲ ತಂದು ಡೀಸೆಲ್ ತುಂಬಿಸಿ ಹೊರಡುವ ನಮ್ಮ ಧರ್ಮಕೇಂದ್ರಗಳ ಕುಟುಂಬಗಳನ್ನು ನಾನು ಬಲ್ಲೆ. ಶುಕ್ರವಾರ ಮೀನಿನ ಸಾರು ಉಣ್ಣುವ ನಾನು ಅವರ ಮೇಲೆ ಬೆರಳು ತೋರಿಸುವಂತಿಲ್ಲ. ಪಾಲು ಎಲ್ಲರದೂ ಇದೆ.

ಕಳೆದ ಕ್ರಿಸ್ಮಸ್ ರಜೆಯಲ್ಲಿ ಆ ಹುಡುಗಿ ಇಗರ್ಜಿಯ ಅಂಗಳದಲ್ಲಿ ಎದುರಾದಳು. ಈಗ ಅವಳು ಮಣಿಪಾಲದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ನಾನು ಸ್ಟೆನೊನ ಕಥೆಯನ್ನು ಆರಂಭಿಸಿದೆನೋ ಇಲ್ಲವೋ, "ಗೊತ್ತು ಸರ್" ಎಂದು ತನ್ನ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸಿದಳು. ಕಿವಿಯ ಮುಂದಿನ ಗ್ರಂಥಿಯಿಂದ ಬಾಯಿಗೆ ಲಾಲಾರಸ ತರುವ ನಾಳಕ್ಕೆ ಅವನದೇ ಹೆಸರು. 1660ರಲ್ಲಿ ಅದನ್ನು ಗುರುತಿಸಿದವನು ಅವನೇ. ಆದರೆ ಅವನು ಬಿಷಪ್ ಆದದ್ದೂ, ಶಾರ್ಕಿನ ಹಲ್ಲನ್ನು ಓದಿದ್ದೂ ಅವಳ ಪಠ್ಯದಲ್ಲಿ ಇರಲಿಲ್ಲವಂತೆ. ಅಂದು ತರಗತಿಯಲ್ಲಿ ಅವಳನ್ನು ನಗೆಪಾಟಲು ಮಾಡಿದ್ದಕ್ಕೆ ನಾನು ಕ್ಷಮೆ ಕೇಳಿದೆ. ನಂತರ, ಇಲ್ಲಿ ನಿಮಗೆ ಹೇಳಿದ್ದನ್ನೆಲ್ಲ ಸಂಕ್ಷೇಪವಾಗಿ ಹೇಳಿ, "ಆ ಹಲ್ಲು ಯಾರ ಪಾಪದ ಫಲವೂ ಅಲ್ಲಮ್ಮ" ಎಂದೆ.

ಅವಳು ಬಹಳ ಹೊತ್ತು ಯೋಚಿಸಿದಳು. "ಸರಿ ಸರ್, ಶಾರ್ಕಿನ ತಪ್ಪಿಲ್ಲ. ಆದರೆ ಅದರ ಬಾಯಿಗೆ ಸಿಕ್ಕ ಸಣ್ಣ ಮೀನಿಗೆ ದೇವರು ಏನು ಹೇಳುತ್ತಾನೆ?"

ಅಷ್ಟರಲ್ಲಿ ಅವಳ ತಾಯಿ ಕರೆದರು. ಮುಂದಿನ ರಜೆಗೆ ಬಂದಾಗ ಮನೆಗೆ ಬಾ, ಕುಳಿತು ಮಾತನಾಡೋಣ ಎಂದೆ. ಡಬ್ಬಿಯನ್ನು ತರುತ್ತೇನೆ ಎಂದು ಹೇಳಿ ಹೋದಳು.